ಮೂಸುವ ಡಬ್ಬಿ

ರಬಕವಿಯ ಆ ಓಣಿಗೆ ನಗರಸಭೆಯವರು ಮನೆಗೊಂದರಂತೆ ಹಸಿರು ಕಸದ ಡಬ್ಬಿ ಕೊಟ್ಟು ಹೋದಾಗಿನಿಂದ ಪದ್ಮವ್ವನಿಗೆ ನೆಮ್ಮದಿ ಇಲ್ಲ. ಮುಚ್ಚಳದ ಒಳಗೆ ಅಂಗಿಯ ಗುಂಡಿಯಷ್ಟು ಒಂದು ಕಣ್ಣು. ಕಸ ತುಂಬಿದರೆ ಹೊರಗಿನ ಹಸಿರು ದೀಪ ಕೆಂಪಾಗಿ, ಕಸದ ಗಾಡಿಯ ಗುರುಪಾದನ ಮೊಬೈಲಿಗೆ ಸುದ್ದಿ ಹೋಗುತ್ತದೆ. ಕೊಟ್ಟವರು ಅದಕ್ಕೆ ಸೆನ್ಸರ್ ಅಂದರು. ಪದ್ಮವ್ವನ ಗಂಡ ಶಾಂತಿನಾಥ ಅದನ್ನು ಅಲ್ಲೇ ಸೆನ್ಸಾರ್ ಮಂಡಳಿ ಮಾಡಿದ.

"ತುಂಬಿದ್ದಷ್ಟ ಅಲ್ಲಬೇ, ಮೂಸಿನೂ ನೋಡತೈತಿ," ಎಂದವನೇ ಮೂಗು ಹಿಡಿದು ಗಾಡಿಯ ಸ್ಪೀಕರಿನ ಹೆಣ್ಣುದನಿ ತೆಗೆದ. "ಸಾರ್ವಜನಿಕರ ಗಮನಕ್ಕೆ! ಪದ್ಮವ್ವನವರ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲಾಗುತ್ತಿದೆ!"

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ಚಾತುರ್ಮಾಸದಾಗ ಎಂಥಾ ಮಾತ್ರೀ ಇದು!"

ಅವಳ ಸಿಟ್ಟಿಗೆ ಕಾರಣವಿತ್ತು. ಬಸದಿಯಲ್ಲಿ ಜೈನ ಮುನಿಗಳು ಮಳೆಗಾಲಕ್ಕೆಂದು ತಂಗಿದ್ದರು. ದಿನಕ್ಕೊಮ್ಮೆ ಆಹಾರಕ್ಕೆಂದು ಹೊರಟು ಯಾವುದೋ ಒಂದು ಮನೆಯ ಮುಂದೆ ನಿಲ್ಲುತ್ತಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಅಂದರೆ ಈರುಳ್ಳಿ ಬೆಳ್ಳುಳ್ಳಿ, ಅವರಿಗೆ ವರ್ಜ್ಯ; ಅವು ಸೋಂಕಿದ ಮನೆಯೆಂದು ಗೊತ್ತಾದರೆ ಮುಗಿಯಿತು, ಅತ್ತ ಬರುವುದಿಲ್ಲ. ಅವರು ತನ್ನ ಬಾಗಿಲಲ್ಲಿ ನಿಲ್ಲುವ ಭಾಗ್ಯ ಪದ್ಮವ್ವನಿಗೆ ಈವರೆಗೆ ಬಂದಿರಲಿಲ್ಲ. ಬರುವ ಶುಕ್ರವಾರ ಅವಳ ಮನೆಯಲ್ಲಿ ಚೌಕಾ, ಮುನಿಗಳಿಗೆ ಆಹಾರ ಕೊಡುವ ಏರ್ಪಾಡು. ಮಡಿಯಲ್ಲಿ ಅಡುಗೆ ಮಾಡಿ, ಕಳಶ ಹಿಡಿದು ಬಾಗಿಲಲ್ಲಿ ಕಾಯಬೇಕು.

ಅದೇ ವಾರ ದೀಪ ಕೆಂಪಾಗತೊಡಗಿತು. ತಳದಲ್ಲಿ ಒಂದು ಹಿಡಿ ಹೀರೆಕಾಯಿ ಸಿಪ್ಪೆ, ಮೇಲೆ ಕೆಂಪು ದೀಪ, ಬಾಗಿಲಿಗೆ ಗುರುಪಾದನ ಗಾಡಿ. ತುಂಬದೆಯೇ ಕೆಂಪಾಯಿತೆಂದರೆ ಅದು ಮೂಸಿಯೇ ಕೆಂಪಾಗಿರಬೇಕು. ಎದುರುಮನೆಯ ರತ್ನಾಬಾಯಿಗೂ ಶುಕ್ರವಾರವೇ ಚೌಕಾ. ಅವಳು ಕೇಳಿಯೇಬಿಟ್ಟಳು:

"ಪದ್ಮಕ್ಕಾ, ನಮ್ಮನಿಗೆ ಒಮ್ಮಿ ಬರೂ ಗಾಡಿ ನಿಮ್ಮನಿಗೆ ಮತ್ತ ಮತ್ತ ಬರತೈತಲ್ರೀ. ಅಂಥಾದ್ದೇನ ಹಾಕತೀರಿ?"

ಪದ್ಮವ್ವ ನಕ್ಕು ಒಳಗೆ ಬಂದಳು. ನಗು ಹೊಸ್ತಿಲಲ್ಲೇ ಉಳಿಯಿತು. ಮಗ ಪರಊರಿನ ನೌಕರಿಯಲ್ಲಿ; ಮನೆಯಲ್ಲಿ ಇರುವವರು ಮೂವರು. ತಾನಲ್ಲ. ಗಂಡನಿಗೆ ಬಾಯಿ ಜೋರು, ಧೈರ್ಯ ಕಡಿಮೆ. ಉಳಿದವಳು ಸೊಸೆ ಮಾನಸಿ: ಸಾಂಗ್ಲಿಯ ಹುಡುಗಿ, ಜಮಖಂಡಿಯ ಬ್ಯಾಂಕಿನಲ್ಲಿ ಕೆಲಸ, ಮಧ್ಯಾಹ್ನದ ಊಟ ಹತ್ತು ಮಂದಿಯ ಜೊತೆ. ಅವರ ಉಳ್ಳಾಗಡ್ಡಿ ಇವಳ ಡಬ್ಬಿಯಲ್ಲಿ ಮನೆಗೆ ಬಂದು ಕಸಕ್ಕೆ ಬೀಳುತ್ತಿರಬೇಕು. ಬೀದಿಯ ಡಬ್ಬಿ ಹೇಳುತ್ತಿರುವುದು ಊಟದ ಡಬ್ಬಿಯ ಸುದ್ದಿಯೇ!

ಮುಧೋಳದ ನಾಯಿ ಬೇಟೆಯನ್ನು ಕಣ್ಣಿನಿಂದ ಹಿಡಿಯುತ್ತದೆಯೇ ಹೊರತು ಮೂಗಿನಿಂದಲ್ಲ. ಪದ್ಮವ್ವ ಎರಡನ್ನೂ ಹಚ್ಚಿದಳು. ಗುರುವಾರ ಸಂಜೆ ಮಾನಸಿ ಬಚ್ಚಲಿನಿಂದ ಬರುವಷ್ಟರಲ್ಲಿ ಅವಳ ಊಟದ ಡಬ್ಬಿ ಅತ್ತೆಯ ಮೂಗಿನ ಕೆಳಗಿತ್ತು.

"ಏನ ಹುಡಕಾಕತ್ತೀರಿ ಅತ್ತಿ?"

"ಬ್ಯಾಂಕಿನ್ಯಾಗ ಯಾರ ಡಬ್ಬ್ಯಾಗ ಕೈ ಹಾಕತಿ ನೀ?"

"ನಂದರಾಗ. ಪಡವಲಕಾಯಿ ಪಲ್ಯ, ನೀವ ಕಟ್ಟಿಕೊಟ್ಟಿದ್ದು."

"ಹಂಗಾರ ಹೊರಗಿಂದು ಯಾಕ ಕೆಂಪಾಗತೈತಿ? ಅದಕ್ಕೇನ ನಿನ್ನ ಮ್ಯಾಲ ಹಗಿ ಐತೇನ?"

"ಅದು ಮಷಿನ್ ರೀ!"

"ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ. ನಾಳಿ ಚೌಕಾದಾಗ ಕಾಲ ಇಡಬ್ಯಾಡ."

ಚೌಕಾಕ್ಕೆಂದೇ ರಜೆ ಹಾಕಿದ್ದ ಮಾನಸಿ ಡಬ್ಬಿ ತೊಳೆದಿಟ್ಟು ಮೇಲೆ ಹೋದಳು.

ಬೆಳಿಗ್ಗೆ, ಸ್ನಾನಕ್ಕೆ ಮೊದಲು, ಪದ್ಮವ್ವ ಸಾಕ್ಷಿ ಹುಡುಕಲು ಮುಚ್ಚಳ ಎತ್ತಿದಳು. ಒಳಗೆ ಸಿಪ್ಪೆ ಬಿಟ್ಟರೆ ಏನಿಲ್ಲ. ಮುಚ್ಚಳದ ಕಣ್ಣಿಗೆ ಮಾತ್ರ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು: ಹಿತ್ತಲಿಗೆ ಹೊಂದಿಕೊಂಡ ಮಗ್ಗದ ಶೆಡ್ಡಿನಿಂದ ಹಾರಿಬಂದ ನೂಲಿನ ಧೂಳು. ಬೆರಳಿನಿಂದ ಕಿತ್ತು ಮುಚ್ಚಿದಳು. ದೀಪ ಹಸಿರಾಯಿತು. ನಂಬದೆ, ಅದೇ ಧೂಳನ್ನು ಮತ್ತೆ ಮೆತ್ತಿದಳು. ಕೆಂಪು. ತೆಗೆದಳು. ಹಸಿರು.

ಡಬ್ಬಿ ಮೂಸುತ್ತಿರಲಿಲ್ಲ. ಕಣ್ಣಿಗೆ ಧೂಳು ಕವಿದು, ತುಂಬಿದೆ ಎಂದುಕೊಂಡಿತ್ತು.

ಮೇಲೆ ಹೋಗಿ ಹೇಳಬೇಕಿತ್ತು. ಹೇಳಿದರೆ ಅತ್ತೆಯ ಮಾತಿಗೆ ಇನ್ನೇನು ಬೆಲೆ? ಮುನಿಗಳ ಊಟ ಮುಗಿಯಲಿ, ಆಮೇಲೆ ನೋಡೋಣ ಎಂದು ಬಚ್ಚಲಿಗೆ ನಡೆದಳು.

ಮುನಿಗಳು ಓಣಿಗೆ ಬಂದಾಗ ಬಲಗೈಯ ಬೆರಳುಗಳು ಕೂಡಿ ಹೆಗಲ ಮೇಲಿದ್ದವು. ಕೊರತೆ ಕಂಡು ಆ ಕೈ ಇಳಿಯಿತೆಂದರೆ ಅವತ್ತು ಅವರಿಗೆ ಉಪವಾಸ. ರತ್ನಾಬಾಯಿಯ ಬಾಗಿಲು ದಾಟಿ, ಪದ್ಮವ್ವನ ಮುಂದೆ ಬಂದು ನಿಂತರು.

"ನಮೋಸ್ತು ಸ್ವಾಮೀ, ನಮೋಸ್ತು! ಅತ್ರ ತಿಷ್ಠ, ತಿಷ್ಠ!" ಇಲ್ಲೇ ನಿಲ್ಲಿರೆಂದು ಕರೆದು ಗಂಡ ಹೆಂಡತಿ ಮುನಿಗಳಿಗೆ ಸುತ್ತು ಬಂದರು. ಇನ್ನು ಮನೆಯೊಡತಿ ತನ್ನ ಮನಸ್ಸು, ಮಾತು, ಮೈ, ಕೊಡುವ ಅನ್ನನೀರು ಎಲ್ಲ ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು.

"ಮನ..." ಎಂದು ಪದ್ಮವ್ವ ನಿಂತಳು.

"ಮನಶುದ್ಧಿ ಅನ್ನಬೇ," ಶಾಂತಿನಾಥ ಪಿಸುಗುಟ್ಟಿದ.

ಬರಲಿಲ್ಲ. ಎದುರಿಗೆ ಕಳಶ ಹಿಡಿದ ರತ್ನಾಬಾಯಿ ಕತ್ತು ಉದ್ದ ಮಾಡಿದಳು.

"ಮಾನಸಿ! ಹೊರಗ ಬಾ ಯವ್ವಾ."

ಬೇಡವೆಂದರೂ ಮಿಂದು ಮಡಿಯಲ್ಲೇ ಇದ್ದ ಮಾನಸಿ ಹೊಸ್ತಿಲಿಗೆ ಬಂದಳು.

"ಅದು ಮಗ್ಗದ ಧೂಳವ್ವ. ಸುಳ್ಳೇ ನಿನ್ನ ಮ್ಯಾಲ ಸಂಶೇ ಪಟ್ಟೆ. ತಪ್ಪಾತು."

ಮಾನಸಿ ಕಣ್ಣು ಕಿರಿದು ಮಾಡಿದಳು. "ಖರೇನೋ, ಮಂದಿ ನೋಡಾಕತ್ತಾರಂತನೋ?"

"ಖರೆ. ಮುಂಜಾನೇನ ಗೊತ್ತಾಗಿತ್ತು. ಬೇಕಂತನ ಹೇಳಲಿಲ್ಲ." ಕಳಶವನ್ನು ಸೊಸೆಯ ಕೈಗಿಟ್ಟಳು. "ನೀ ಅನ್ನು. ನನ್ನ ಬಾಯಿಂದ ಬರವಲ್ದು."

ಮಾನಸಿ ಉಸಿರು ತೆಗೆದುಕೊಂಡು, "ಮನ..." ಎಂದು ತಾನೂ ನಿಂತಳು. "ನನಗೂ ಬರವಲ್ದ್ರೀ ಅತ್ತಿ. ರಾತ್ರಿಯೆಲ್ಲಾ ನಿಮ್ಮನ್ನ ಬೈಕೊಂತ ಮಲಗೇನಿ."

"ಎಷ್ಟ ಬೈದಿ?"

"ಭಾಳ."

"ಛಲೋ ಆತು ಬಿಡು, ಬೈಬೇಕಾಗಿತ್ತು. ಈಗ ಇಬ್ಬರೂ ಕೂಡಿ ಅನ್ನೂಣು."

ಅಂದರು. ಮುನಿಗಳು ಇನ್ನೂ ಒಂದು ಗಳಿಗೆ ಹಾಗೆಯೇ ನಿಂತರು. ಪದ್ಮವ್ವ ಅವರ ಕೈಯನ್ನೇ ನೋಡುತ್ತಿದ್ದಳು. ಕೈ ಹೆಗಲ ಮೇಲೇ ಇತ್ತು. ಕಾಲು ಹೊಸ್ತಿಲು ದಾಟಿತು.