ಅವಳು ಹಿಡಿದ ಮೂಲೆ

ಮೈದುನ ಮೇಜಿನ ಒಂದು ತುದಿಯನ್ನು ಎತ್ತಿಯೇಬಿಟ್ಟಿದ್ದ. ಇನ್ನೊಂದು ತುದಿಗೆ ಪಕ್ಕದ ಮನೆಯ ಟೈಲರ್ ಕೈ ಹಾಕಿದ್ದ. ಅಷ್ಟರಲ್ಲಿ ಒಳಗಿನಿಂದ ಬಂದ ಅವಳು, "ಇಡು ಕೆಳಗೆ. ಅದನ್ನ ಅಲ್ಲಾಡಿಸ್ಬೇಡ," ಅಂದಳು.

ಬೆಳಿಗ್ಗೆ ಫೋನಿನಲ್ಲಿ ಕೂಗಿ ಕರೆದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಡಾಕ್ಟರು ನಾಡಿ ಹಿಡಿದು ತಲೆಯಾಡಿಸಿ ಹೋದಾಗಲೂ, ಮಗಳು ಓಡಿಬಂದು ಕೊರಳಿಗೆ ಬಿದ್ದು ಅತ್ತಾಗಲೂ ತುಟಿ ಎರಡು ಮಾಡದಿದ್ದವಳು ಈಗ ಒಂದು ಮೇಜಿನ ವಿಷಯಕ್ಕೆ ಬಾಯಿ ಬಿಟ್ಟದ್ದು ಕಂಡು ಮೈದುನ ಟೈಲರನ ಮುಖ ನೋಡಿದ. ಮೇಜನ್ನು ಮೆಲ್ಲಗೆ ಇಳಿಸಿದ.

"ಅತ್ತಿಗೆ, ಅಣ್ಣನ್ನ ಇಲ್ಲೇ ತಾನೆ ಮಲಗಿಸ್ಬೇಕು? ಜನ ಬರ್ತಾರೆ, ಜಾಗ ಬೇಡ್ವಾ?"

"ಗೋಡೆ ಪಕ್ಕ ಮಲಗಿಸಿ. ಮೇಜು ಇದ್ದಲ್ಲೇ ಇರ್ಲಿ. ಅದರ ಮೇಲಿರೋದ್ರ ಅಂಟು ಇನ್ನೂ ಒಣಗಿಲ್ಲ."

ಮೇಜಿನ ಮೇಲೆ ಮೊಳದುದ್ದದ ಒಂದು ಪೆಟ್ಟಿಗೆ ಇತ್ತು. ನಾಲ್ಕೂ ಮೈಗೆ ನೀಲಿ ಪ್ಲಾಸ್ಟಿಕ್ ಹಾಳೆ ಮೆತ್ತಿಕೊಂಡು, ಒಳಗೇನಿದೆಯೆಂದು ಬಿಟ್ಟುಕೊಡದೆ ಕೂತಿತ್ತು. ಅದು ಮೀನಿನ ತೊಟ್ಟಿ ಎಂದರೆ ನಂಬುವುದು ಕಷ್ಟ. ಅಂಚುಗಳಲ್ಲಿ ಮಾತ್ರ ಬೆರಳಗಲ ಹಾಳೆ ಬಿಡಿಸಿದ್ದರಿಂದ ಒಳಗಿನ ಗಾಜಿನಂಥ ಅಕ್ರಿಲಿಕ್ ಪ್ಲಾಸ್ಟಿಕ್ ಅಲ್ಲಲ್ಲಿ ಹೊಳೆಯುತ್ತಿತ್ತು. ಜೋಡಿಸಿಕೊಳ್ಳುವ ಹಲಗೆಗಳ ಕಿಟ್ ಬಂದಿದ್ದ ರಟ್ಟಿನ ಡಬ್ಬವನ್ನು ನೀಟಾಗಿ ಮಡಚಿ ಮೇಜಿನ ಕೆಳಗೆ ಇಡಲಾಗಿತ್ತು. ಆ ಮನೆಯಲ್ಲಿ ಡಬ್ಬ ಎಸೆಯುವ ಪದ್ಧತಿಯೇ ಇರಲಿಲ್ಲ.

ಅವಳ ಕಣ್ಣು ಮತ್ತೆ ಕಿಟಕಿ ಕಡೆಯ ಕೆಳಮೂಲೆಗೆ ಹೋಯಿತು. ಬಿಡಿಸಿದ ಅಂಚಿನ ಮೇಲೆ ಅಲ್ಲೊಂದು ಪುಟ್ಟ ನೀಲಿ ತೇಪೆ. ನಿನ್ನೆ ಸಂಜೆ ಅವಳು ಅಡುಗೆಮನೆಗೆ ಎದ್ದುಹೋದಾಗ ಅದು ಅಲ್ಲಿರಲಿಲ್ಲ. ಬೆಳಿಗ್ಗೆ ಎಷ್ಟು ಅಲುಗಿಸಿದರೂ ಗಂಡ ಏಳದೇಹೋದಾಗ, ಫೋನಿಗಾಗಿ ಹೊರಗೆ ಓಡಿಬಂದವಳ ಕಣ್ಣಿಗೆ ಮೊದಲು ಬಿದ್ದದ್ದೇ ಆ ತೇಪೆ. ಅದು ಅವಳು ಹಿಡಿದುಕೊಂಡಿದ್ದ ಮೂಲೆ.

*

ಅವನು ದುಡಿದದ್ದೆಲ್ಲ ಒಂದೇ ಫರ್ನಿಚರ್ ಅಂಗಡಿಯಲ್ಲಿ. ಮಾರುವ ಕೆಲಸ ಬೇರೆಯವರದು. ಬಂದ ಮಾಲು ಮಾರಿಹೋಗುವ ತನಕ ಹೊಸದಾಗಿಯೇ ಇರುವಂತೆ ನೋಡಿಕೊಳ್ಳುವುದು ಅವನ ಕೆಲಸ. ಗಿರಾಕಿಗಳ ಮಕ್ಕಳು ಚಪ್ಪಲಿ ಕಾಲಲ್ಲಿ ಸೋಫಾ ಹತ್ತಿದರೆ ಅವನ ಜೀವ ಬಾಯಿಗೆ ಬರುತ್ತಿತ್ತು.

ಆ ಅಭ್ಯಾಸ ಸಂಜೆ ಅವನ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ಸೋಫಾದ ಪ್ಲಾಸ್ಟಿಕ್ ಕಿತ್ತದ್ದಿಲ್ಲ. ಬೇಸಿಗೆಯಲ್ಲಿ ಕೂತರೆ ತೊಡೆಗೆ ಅಂಟುತ್ತಿತ್ತು, ಎದ್ದರೆ ಚರ್ರೆನ್ನುತ್ತಿತ್ತು. ಫ್ರಿಜ್ಜಿನ ಬಾಗಿಲಿನ ಹಾಳೆ ಹಳದಿಯಾಗಿ ಸುಕ್ಕುಬಿದ್ದಿತ್ತು. ಟಿವಿ ರಿಮೋಟು, ಸೂಟ್‌ಕೇಸು, ಗಡಿಯಾರ, ಎಲ್ಲಕ್ಕೂ ಒಂದೊಂದು ಅಂಗಿ. ನೆಂಟರ ಮಕ್ಕಳು ಅವನಿಗೆ ಕವರ್ ಮಾವ ಎಂದು ಹೆಸರಿಟ್ಟಿದ್ದವು. ಅವನಿಗೆ ಅದರಿಂದ ಬೇಜಾರೇನಿರಲಿಲ್ಲ.

ಅದರಲ್ಲೂ ಅವನದೊಂದು ಭೇದವಿತ್ತು. ಅಂಗಡಿಯ ಮಾಲಿಗೆ ಹಾಳೆಯನ್ನು ಪರಪರ ಹರಿದು ಅಂಟಿಸಿಬಿಡುತ್ತಿದ್ದ. ತನಗೆ ಬೇಕಾದ ವಸ್ತುವಾದರೆ ಮಾತ್ರ ಕತ್ತರಿ ಹಿಡಿದು ಕೂತು ಹಾಳೆಯ ನಾಲ್ಕೂ ತುದಿಯನ್ನು ದುಂಡಗೆ ಕತ್ತರಿಸುತ್ತಿದ್ದ. ಚೂಪು ತುದಿ ಏಳುತ್ತದೆ, ದುಂಡಗಿನದು ಕೂತರೆ ಕೂತಿತು ಅನ್ನುತ್ತಿದ್ದ. ಮಗಳು ಓಟದಲ್ಲಿ ಗೆದ್ದ ಪದಕಕ್ಕೆ ಹಾಗೆ ಮಾಡಿದ್ದ. ಮದುವೆಯ ಫೋಟೊಗೂ ಮಾಡಿದ್ದ.

ಅವಳಿಗೆ ಇದೆಲ್ಲ ಮೊದಮೊದಲು ತಮಾಷೆಯಾಗಿತ್ತು, ಆಮೇಲೆ ರೇಜಿಗೆಯಾಯಿತು. ಏನು ಮುಟ್ಟಿದರೂ ಕಲೆಯಾಗುತ್ತೆ ಅನ್ನುವವನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಒಂದು ದಿನ ಸೋಫಾ ಒರೆಸುತ್ತಾ ತಡೆಯಲಾರದೆ ಅಂದಿದ್ದಳು: "ಈ ಮನೇಲಿ ಕವರ್ ಇಲ್ದೇ ಇರೋಳು ನಾನೊಬ್ಳೇ. ನಾನು ಹಳೇದಾದ್ರೆ ನಿಮಗೇನೂ ಇಲ್ಲ."

ಅವನು ರಿಮೋಟಿನ ಅಂಗಿಯ ಸುಕ್ಕು ಬಿಡಿಸುತ್ತಾ ಕೂತಿದ್ದ. ಮಾತಿಗೆ ಮಾತು ಕೊಡುವ ಜಾಯಮಾನದವನಲ್ಲ.

*

ಹೊತ್ತೇರಿದಂತೆ ಮನೆ ತುಂಬಿತು. ಬಂದವರು ಸೋಫಾದ ಮೇಲೆ ಕೂತೊಡನೆ ಪ್ಲಾಸ್ಟಿಕ್ ಸದ್ದು ಮಾಡುತ್ತಿತ್ತು. ಸಾವಿನ ಮನೆಯಲ್ಲಿ ಆ ಸದ್ದಿಗೆ ಮುಜುಗರಪಟ್ಟು ಒಬ್ಬೊಬ್ಬರೇ ಎದ್ದು ಗೋಡೆಗೊರಗಿ ನಿಂತರು. ಕೊನೆಗೆ ಸೋಫಾ ಖಾಲಿಯಾಗಿಯೇ ಉಳಿಯಿತು, ಅವನಿಗೆ ಹೇಗೆ ಬೇಕಿತ್ತೋ ಹಾಗೆ.

ಯಾರೋ ಬಿಳಿ ಬಟ್ಟೆಯನ್ನು ಅವನ ಹಣೆಯವರೆಗೆ ಎಳೆದಿದ್ದರು. ಅವಳು ಹೋಗಿ ಅದನ್ನು ಎದೆಯವರೆಗೆ ಸರಿಸಿ ಪಕ್ಕದಲ್ಲಿ ಕೂತಳು. ಅವನ ತೋರುಬೆರಳ ತುದಿಯಲ್ಲಿ ಒಣಗಿದ ಅಂಟಿನ ಹೊಪ್ಪಳೆ ಇನ್ನೂ ಇತ್ತು. ಅದನ್ನು ಕೀಳಲು ಅವಳಿಗೆ ಮನಸ್ಸಾಗಲಿಲ್ಲ.

ಅಂಗಡಿಯ ಯಜಮಾನರು ಹೂವಿನ ಹಾರ ಹಿಡಿದು ಬಂದರು. ಅಂಥ ಮನುಷ್ಯ ಇನ್ನು ಸಿಗುವುದಿಲ್ಲ, ಅವನಿದ್ದಷ್ಟು ಕಾಲ ಒಂದು ಗೀರು ಬಿದ್ದ ದೂರು ಬರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಂಗಡಿಯ ಮುಂಭಾಗದಲ್ಲಿದ್ದ ದೊಡ್ಡ ಅಕ್ವೇರಿಯಂ ತೆಗೆಸಿದಾಗ ಉಳಿದಿದ್ದ ಒಂದು ಕೆಂಪು ಮೀನನ್ನು ಚೆಲ್ಲಲು ಹೇಳಿದ್ದರಂತೆ. ಅವನು ಕೇಳಿ ಮನೆಗೆ ತಂದನಂತೆ. ಅದು ಅವಳಿಗೆ ಗೊತ್ತಿದ್ದದ್ದೇ. ಆ ಮೀನು ಅಂದಿನಿಂದ ಬಚ್ಚಲಿನ ಬಕೆಟ್ಟಿನಲ್ಲಿತ್ತು. ಅದಕ್ಕೊಂದು ಮನೆ ಮಾಡಲೆಂದೇ ಅವನು ಕಿಟ್ ತರಿಸಿದ್ದು.

ಯಜಮಾನರು ತೊಟ್ಟಿಯ ಬಳಿ ಬಗ್ಗಿ ನೋಡಿದರು. ತೇಪೆಯ ಮೇಲೆ ಅವರ ಬೆರಳು ನಿಂತಿತು.

"ಇಲ್ಲೇನೋ ಕೆಟ್ಟಿರ್ಬೇಕಮ್ಮ. ನಮ್ಮಲ್ಲೂ ಮಾಲು ಡ್ಯಾಮೇಜ್ ಆದ್ರೆ ಅವರು ಹೀಗೇ ಒಂದು ಚೂರು ಅಂಟಿಸಿ ಮುಚ್ಚಿಬಿಡೋರು. ಇದು ನೀರು ನಿಲ್ಲಿಸಲ್ಲ ಅನ್ಸುತ್ತೆ."

ಅವಳು ತೇಪೆಯ ಕಡೆ ನೋಡಿದಳು. ತಾನು ಬೆಳಗಿನಿಂದ ಅಂದುಕೊಳ್ಳುತ್ತಿದ್ದದ್ದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು. ಉಳಿದ ಮೂರು ಮೂಲೆ ಅವನೊಬ್ಬನೇ ಕೂಡಿಸಿದ್ದು. ಅವಳನ್ನು ಕರೆದದ್ದು ಒಂದಕ್ಕೆ. ಆ ಒಂದು ಕೈಕೊಟ್ಟಿದ್ದರೆ, ಅವಳನ್ನು ಕರೆಯಬಾರದಿತ್ತು ಎಂದುಕೊಂಡೇ ಅವನು ಮಲಗಿರಬೇಕು. ಮಲಗಿದವನು ಏಳಲೇ ಇಲ್ಲ. ಇನ್ನು ಅದನ್ನು ಸರಿಮಾಡಿಕೊಳ್ಳುವುದು ಯಾರ ಹತ್ತಿರ?

*

ನಿನ್ನೆ ಸಂಜೆ ಕಾಫಿಯಾದ ಮೇಲೆ ಅವನು ಕೂಗಿದ್ದ: "ಸ್ವಲ್ಪ ಬಾ ಇಲ್ಲಿ. ಒಂದು ಕೈ ಕಮ್ಮಿ ಬೀಳ್ತಿದೆ."

ಮುಟ್ಟಬೇಡ ಅನ್ನುತ್ತಲೇ ಕಾಲ ಕಳೆದವನು ಕೈ ಕೇಳಿದ್ದು ಅವಳಿಗೆ ಸೋಜಿಗವಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಎರಡು ಹಲಗೆ ಕೂಡುವಲ್ಲಿ ಹೆಬ್ಬೆಟ್ಟಿನಿಂದ ಒತ್ತಿ ಹಿಡಿಯಬೇಕು, ಅವನು ಹೇಳುವ ತನಕ ಬಿಡಬಾರದು. ಅವನು ಸೂಜಿಮೂತಿಯ ಪುಟ್ಟ ಬಾಟಲಿಯಿಂದ ಸಂದಿನ ಉದ್ದಕ್ಕೂ ಅಂಟು ಹಾಯಿಸಿದ. ನೀರಿಗಿಂತ ತೆಳುವಾದ ಅಂಟು, ತಾನಾಗಿಯೇ ಸಂದಿಯಲ್ಲಿ ಓಡಿತು. ಅದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಒಂದನ್ನೊಂದು ಬೆಸೆಯುತ್ತದೆ ಎಂದು ಅವನು ಹೇಳುತ್ತಿದ್ದಾಗ ಅವಳ ಹೆಬ್ಬೆಟ್ಟಿನ ಕೆಳಗೆ ತಣ್ಣಗಾಯಿತು. ಹಿಂದೆಂದೋ ಡಬ್ಬಿಯ ತಗಡು ಕುಯ್ದು ಗಾಯದ ಅಡ್ಡ ಗೆರೆ ಉಳಿದಿದ್ದ ಬಲಗೈ ಹೆಬ್ಬೆಟ್ಟು ಅದು. ಕಾಲು ಜೋಮು ಹಿಡಿದರೂ ಅವಳು ಅಲುಗಲಿಲ್ಲ.

"ಈಗ ಬಿಡು," ಅಂದ. ಕನ್ನಡಕ ಏರಿಸಿ ಆ ಮೂಲೆಯನ್ನೇ ಬಹಳ ಹೊತ್ತು ನೋಡಿದ. ಬೈಗುಳ ಬರುತ್ತದೆಂದು ಅವಳು ಕಾದಳು.

"ಕೆಡಿಸ್ಬಿಟ್ನಾ?"

"ನಾಳೆ ಸಂಜೆ ನೀರು ಹಾಕೋಣ. ಕವರ್ ನೀನೇ ಕೀಳುವಂತೆ, ಎಲ್ಲಾ."

ಕವರ್ ಕೀಳು ಎಂಬ ಮಾತು ಆ ಬಾಯಲ್ಲಿ ಬಂದದ್ದೇ ಅವಳಿಗೆ ನಗು ತರಿಸಿತ್ತು. ಕೆಡಿಸಿದೆನೋ ಇಲ್ಲವೋ ಎಂದು ಮತ್ತೆ ಕೇಳುವುದನ್ನೇ ಮರೆತು ಒಳಗೆ ಹೋದಳು.

*

ಗಾಡಿ ಬಂತು. ಹೊರಗಿನ ಬಿಸಿಲಿಗೆ ಅವನನ್ನು ಎತ್ತಿಕೊಂಡು ಹೋಗುವಾಗ ಮೈದುನನ ಮೊಣಕೈ ಮೇಜಿಗೆ ತಾಗಿತು. ಅಳುತ್ತಿದ್ದ ಮಗಳು ಎರಡೂ ಕೈಯಿಂದ ತೊಟ್ಟಿಯನ್ನು ತಬ್ಬಿ ಹಿಡಿದಳು. ಯಾಕೆಂದು ಮಗಳಿಗೂ ತಿಳಿದಿರಲಿಲ್ಲ. ಅದು ಅಲ್ಲಾಡಬಾರದು ಎಂದು ಅಮ್ಮ ಹೇಳಿದ್ದಳು, ಅಷ್ಟೇ.

ಸ್ಮಶಾನದಿಂದ ಬಂದವರು ಬಚ್ಚಲಿಗೆ ನುಗ್ಗಿದಾಗ ಮೀನಿನ ಪ್ರಾಣಕ್ಕೂ ಸಂಚಕಾರ ಬಂದಿತ್ತು. ಮೈದುನ ಕಾಲು ತೊಳೆಯಲು ಬಕೆಟ್ ಬಗ್ಗಿಸಿ, ಕೆಂಪಗೆ ಏನೋ ಜಾರಿದ್ದು ಕಂಡು ಹೌಹಾರಿ ಬಕೆಟ್ ನೆಟ್ಟಗಿಟ್ಟು ಹಿಂದೆ ಸರಿದನಂತೆ. ಬೇರೆ ದಿನವಾಗಿದ್ದರೆ ಇದನ್ನು ಹೇಳಿಕೊಂಡು ಮನೆಯವರೆಲ್ಲ ನಗುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಉಳಿದವರು ಅವಳು, ಮಗಳು, ಮೈದುನ ಮೂವರೇ. ಗೋಡೆಯ ಪಕ್ಕದ ನೆಲ ಒರೆಸಿ ಬರಿದಾಗಿತ್ತು. ಅವಳು ಎದ್ದು ಒಂದು ಕೊಡ ನೀರು ತರಲು ಹೇಳಿದಳು.

"ಇವತ್ತೇ ಯಾಕಮ್ಮ? ನಾಳೆ ನೋಡಿದ್ರಾಗಲ್ವಾ?" ಅಂದಳು ಮಗಳು.

"ಇವತ್ತು ಸಂಜೆ ಅಂದಿದ್ರು."

"ಸೋರಿದ್ರೆ?"

"ಸೋರಿದ್ರೆ ನಾನು ಹಿಡಿದಿದ್ದು ಸೋರ್ತು ಅಂತ ಗೊತ್ತಾಗುತ್ತೆ. ಅದಾದ್ರೂ ಗೊತ್ತಾಗ್ಲಿ."

ಅವಳು ನೀಲಿ ಹಾಳೆಯ ತುದಿಗೆ ಉಗುರು ಹಾಕಿ ಎಳೆದಳು. ಸದ್ದು ಮನೆಯನ್ನೆಲ್ಲ ತುಂಬಿತು. ಒಂದೊಂದೇ ಹಾಳೆ ಕಳಚಿದಂತೆ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾದ ಗೋಡೆಗಳು ಎದ್ದು ನಿಂತವು. ಆ ಮನೆಯಲ್ಲಿ ಇಷ್ಟು ಹೊಸದಾದ ವಸ್ತುವನ್ನು ಅವಳು ಕವರ್ ಇಲ್ಲದೆ ನೋಡಿದ್ದು ಇದೇ ಮೊದಲು. ತೇಪೆಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಲು ಹೆದರಿಕೆಯಾಯಿತು.

ಮಗಳು ಒಣ ಕಾಗದವನ್ನು ಮಡಚಿ ಆ ಮೂಲೆಯ ಕೆಳಗೆ ಹಿಡಿದಳು. ಅವಳು ಚೊಂಬಿನಿಂದ ನೀರು ಸುರಿದಳು. ನೀರು ತಳ ಮುಚ್ಚಿತು, ತೇಪೆಯ ಮಟ್ಟಕ್ಕೆ ಬಂತು, ಅದನ್ನು ದಾಟಿತು, ಅರ್ಧಕ್ಕೇರಿತು. ಮೂವರೂ ಕಾಗದವನ್ನೇ ನೋಡಿದರು. ಮಗಳು ಬೆರಳಾಡಿಸಿ ನೋಡಿ, ಮತ್ತೊಮ್ಮೆ ನೋಡಿದಳು.

"ಒಣಗೇ ಇದೆಯಮ್ಮ."

"ಮತ್ತೆ ತೇಪೆ ಯಾಕೆ ಹಾಕಿದಾನೆ?" ಅಂದ ಮೈದುನ.

ಅವಳು ಬಗ್ಗಿ ತೇಪೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಕೆಳಗೆ, ಆ ನಿರ್ಮಲವಾದ ಗೋಡೆಯ ಹೊರಮೈಯಲ್ಲಿ, ಒಂದು ಹೆಬ್ಬೆಟ್ಟಿನ ಗುರುತು. ಒರೆಸಿದರೆ ಹೋಗುವ ಗುರುತಲ್ಲ. ಅಂಟಿಗೆ ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಇಳಿದು, ಹಾಗೆಯೇ ಗಟ್ಟಿಯಾಗಿತ್ತು. ಸುರುಳಿ ಗೆರೆಗಳು ಸ್ಪಷ್ಟವಾಗಿದ್ದವು.

"ಅಪ್ಪಂದಾ?" ಅಂದಳು ಮಗಳು.

ಗುರುತಿನ ಮೇಲೆ ಅಡ್ಡಕ್ಕೆ ಒಂದು ಗೆರೆಯಿತ್ತು. ಅವಳು ತನ್ನ ಬಲಗೈ ಹೆಬ್ಬೆಟ್ಟನ್ನು ಅದರ ಪಕ್ಕದಲ್ಲಿ ಹಿಡಿದಳು. ಮಗಳು ಅದನ್ನೂ ಇದನ್ನೂ ನೋಡಿದಳು, ಎರಡರ ಅಡ್ಡಗೆರೆಯೂ ಒಂದೇ ಆಗಿತ್ತು.

"ಛೆ, ಹೊಸ ತೊಟ್ಟಿಗೆ ಕಲೆ," ಅಂದ ಮೈದುನ, ಸಮಾಧಾನ ಹೇಳುವವನಂತೆ. "ಅದಕ್ಕೇ ಮುಚ್ಚಿದಾನೆ, ನೋಡಿ. ಉಜ್ಜಿಸಿದ್ರೆ ಹೋಗುತ್ತೆ ಬಿಡಿ ಅತ್ತಿಗೆ."

ಅವಳು ಬೆರಳ ತುದಿಗೆ ಅಂಟಿಕೊಂಡಿದ್ದ ತೇಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚೆಚೀಟಿಯಷ್ಟಿದ್ದ ಆ ಚೂರಿನ ನಾಲ್ಕೂ ತುದಿಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಲಾಗಿತ್ತು.

ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದಿದ್ದದ್ದು ಒಮ್ಮೆಗೇ ಬಂತು. ಮಗಳು ಕೈಚಾಚಿದಳು, ಅವಳು ಬೇಡವೆಂದು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡು, ತೇಪೆಯನ್ನು ಇದ್ದ ಜಾಗಕ್ಕೇ ಇಟ್ಟಳು. ಅವನು ಮಾಡುತ್ತಿದ್ದಂತೆ ನಡುವಿನಿಂದ ಅಂಚಿಗೆ, ಗಾಳಿ ಉಳಿಯದ ಹಾಗೆ ಒತ್ತಿದಳು. ಮೈದುನ ಬಚ್ಚಲಿನಿಂದ ಮೀನಿನ ಬಕೆಟ್ ತಂದು ಪಕ್ಕದಲ್ಲಿ ನಿಂತ. ಅವಳು ಹೆಬ್ಬೆಟ್ಟು ತೆಗೆಯದೆ ಒತ್ತಿ ಹಿಡಿದೇ ಇದ್ದಳು.