ಮೂರು ಹಿಡಿ ಸೋಪು

ಮುಖ ಬಿಟ್ಟು ಬರೀ ಕೈಯ ವಿಡಿಯೊ ತೆಗೆಯುವವರನ್ನು ನಂಬುವುದಾದರೂ ಹೇಗೆ? ಒಂದು ತಿಂಗಳಿಂದ ವನಜಮ್ಮನಿಗೆ ಇದೇ ಕೊರೆತ.

ತುಮಕೂರಿನ ಹೊರಗಿನ ಆ ಕಾರ್ಖಾನೆಯಲ್ಲಿ ಸೈನ್ಯದ ಗುಂಡುಗಳಿಗೆ ಹಿತ್ತಾಳೆ ಕೇಸು, ಅಂದರೆ ಮದ್ದು ತುಂಬುವ ಕೊಳವೆ, ಮಾಡುತ್ತಿದ್ದರು. ಆರ್ಡರ್ ಇದ್ದಾಗ ಮೂರು ಪಾಳಿ, ಊಟಕ್ಕೂ ಪುರುಸೊತ್ತಿಲ್ಲ. ಈಗ ಎರಡು ವರ್ಷದಿಂದ ಆರ್ಡರೇ ಇಲ್ಲ. ಅರವತ್ತು ಜನರಲ್ಲಿ ಉಳಿದವರು ಎಂಟು. ಪ್ರತಿ ಮಂಗಳವಾರ ಲೈನು ಓಡಿಸಿ ಇನ್ನೂರು ಕೇಸು ಮಾಡುವುದು, ಬುಧವಾರ ಅವನ್ನೇ ಕರಗಿಸುವುದು. ನಾಳೆ ಸೈನ್ಯ ದಿಢೀರನೆ ಕೇಳಿದರೆ ಯಂತ್ರಕ್ಕೂ ಕೈಗೂ ಕೆಲಸ ಮರೆತಿರಬಾರದಂತೆ. ಮಾಡಿದ್ದನ್ನೇ ಕರಗಿಸಲು ಸಂಬಳ ಕೊಡುವ ಧರ್ಮಾತ್ಮರು ಯಾವ ಲೋಕದಲ್ಲಿದ್ದಾರೆ? ಇದರ ಹಿಂದೆ ಏನೋ ಮಸಲತ್ತು ಇದೆ ಎಂದು ವನಜಮ್ಮನ ಗುಮಾನಿ.

ಅಷ್ಟರಲ್ಲಿ ಹೊಸ ಎಂಜಿನಿಯರ್ ನಂದಿತಾ ಬಂದಳು. ಬೆಂಗಳೂರಿನ ಸದಾಶಿವನಗರದ ಹುಡುಗಿ. ಕೈಯಲ್ಲಿ ಫೋನು, ಕಂಕುಳಲ್ಲಿ ನೀಲಿ ರಟ್ಟಿನ ಪುಸ್ತಕ. ಒಬ್ಬೊಬ್ಬರ ಕೈಕೆಲಸದ ವಿಡಿಯೊ ತೆಗೆದು ಆ ಪುಸ್ತಕಕ್ಕೆ ಬರೆದುಕೊಳ್ಳುವುದೇ ಅವಳ ಕೆಲಸ. ಹಿತ್ತಾಳೆ ಬಿಲ್ಲೆಗಳು ಪ್ರೆಸ್ಸಿನಲ್ಲಿ ಹರಿಯದಿರಲು ಮೊದಲು ಸೋಪುಪುಡಿಯ ನೀರಿನಲ್ಲಿ ಅದ್ದಬೇಕು. ಆ ನೀರಿನ ಹದ ವನಜಮ್ಮನದು. ಹತ್ತೊಂಬತ್ತು ವರ್ಷದಿಂದ ಆ ಡ್ರಮ್ಮಿಗೆ ಬೇರೆಯವರು ಕೈ ಹಾಕಿದ್ದೇ ಇಲ್ಲ.

"ಎಷ್ಟು ಸೋಪು ಹಾಕ್ತೀರಾ ವನಜಮ್ಮ?"

"ಎರಡು ಹಿಡಿ ಕಣವ್ವ."

ಹಸಿ ಸುಳ್ಳು. ಹಾಕುತ್ತಿದ್ದದ್ದು ಮೂರು.

ಸುಳ್ಳಿಗೆ ಕಾರಣವೂ ಇತ್ತು. ಲೇತ್ ಪರಮಶಿವಯ್ಯ ಹೀಗೇ ಯಾರೋ ಕೇಳಿದರೆಂದು ತನ್ನ ವಿದ್ಯೆಯನ್ನೆಲ್ಲ ಬರೆಸಿದ್ದ. ಒಂದೇ ತಿಂಗಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗೇಟಿನ ತನಕ ಬಂದು ಕೆಲಸದಿಂದಲೇ ಕಳಿಸಿಕೊಟ್ಟರು. ಸಂಜೆ ಗುಬ್ಬಿ ಬಸ್ಸಿನಲ್ಲಿ ಕಡಬದ ಮನೆಗೆ ಹೋಗುವಾಗ ವನಜಮ್ಮ ತನ್ನ ಸುಳ್ಳನ್ನು ನೆನೆದು ಒಳಗೊಳಗೇ ನಗುತ್ತಿದ್ದಳು. ಬರ್ಕೊಳ್ಳಲಿ, ಎಷ್ಟು ಬೇಕಾದರೂ ಬರ್ಕೊಳ್ಳಲಿ.

ಮುಂದಿನ ಮಂಗಳವಾರ ಸೈನ್ಯದ ಆಫೀಸರ್ ಬಂದರು. ಎಂಟು ಜನರನ್ನೂ ಸಾಲಾಗಿ ನಿಲ್ಲಿಸಿ ನೇರವಾಗಿ ಹೇಳಿದರು: "ಯಾವತ್ತೂ ಮಾಡದೇ ಇರೋರು ಪುಸ್ತಕ ನೋಡಿ ಲೈನು ಓಡಿಸಬೇಕು. ಕೇಸು ಸರಿಯಾಗಿ ಬಂದರೆ ಐದು ವರ್ಷ ಈ ಲೈನಿನ ಖರ್ಚು ನಮ್ಮದು, ಉಳಿಸ್ಕೊಳ್ಳೋ ನಾಲ್ಕು ಜನರ ಸಂಬಳವೂ ನಮ್ಮದು. ಕೆಟ್ಟರೆ ಇವತ್ತೇ ಬೀಗ."

ವನಜಮ್ಮ ಸೋಪಿನ ಡ್ರಮ್ಮಿನ ಕಡೆ ನೋಡಿದಳು. ಎರಡು ಹಿಡಿ ಎಂದು ಬರೆಸಿದ್ದು ತನ್ನೊಬ್ಬಳ ಅನ್ನ ಉಳಿಸಿಕೊಳ್ಳಲು. ಈಗ ಅದು ಉಳಿಯಬಹುದಾದವರೆಲ್ಲರ ಅನ್ನಕ್ಕೆ ಕಲ್ಲು ಹಾಕುವಂತಿತ್ತು.

ಪುಸ್ತಕ ಕುಣಿಗಲ್ಲಿನ ಚನ್ನೇಶನ ಕೈಗೆ ಬಂತು. ಅವನು ಪ್ಯಾಕಿಂಗಿನವನು, ಆರಡಿ ಆಳು. ಜೋರಾಗಿ ಓದಿದ: "ಸೋಪುಪುಡಿ, ಮೂರು ಹಿಡಿ."

ವನಜಮ್ಮ ಬೆಚ್ಚಿ ನಂದಿತಾಳ ಕಡೆ ತಿರುಗಿದಳು. ಹುಡುಗಿ ಮೆಲ್ಲಗೆ, "ಬಾಯಿ ಎರಡು ಅಂತು, ಕೈ ಮೂರು ಹಾಕ್ತು. ವಿಡಿಯೊದಲ್ಲಿದೆ," ಎಂದಳು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ, ಎಂಥ ಕಳ್ಳಿ ಇವಳು!

ಚನ್ನೇಶ ಚೀಲಕ್ಕೆ ಕೈ ಹಾಕಿದ. ಒಂದು ಹಿಡಿ. ಎರಡು. ನೀರು ಆಗಲೇ ಬೆಳ್ಳಗಾಗಿ ಹದಕ್ಕೆ ಬಂದಿತ್ತು. ಇನ್ನೊಂದು ಬಿದ್ದರೆ ಹಿತ್ತಾಳೆ ಕಾಯಿಸುವಾಗ ಕರೆ ಕಟ್ಟಿ ಇನ್ನೂರೂ ಕೆಡುವುದು ಖಂಡಿತ. ಇದು ತಿಳಿದವಳು ಅಲ್ಲಿ ಒಬ್ಬಳೇ. ಸುಮ್ಮನಿದ್ದರೆ ಬೀಗ. ಬಾಯಿ ಬಿಟ್ಟರೆ ಕೊನೆಯ ಗುಟ್ಟೂ ಪುಸ್ತಕಕ್ಕೆ. ಎದುರಿಗೆ ಕುಲುಮೆಯ ಚಿಕ್ಕಹನುಮಯ್ಯ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ.

"ಸಾಕು, ನಿಲ್ಸೋ ಚನ್ನೇಶ!"

"ಪುಸ್ತಕದಲ್ಲಿ ಮೂರು ಅಂತಿದೆಯಲ್ಲಮ್ಮ?" ಎಂದರು ಆಫೀಸರ್.

"ಅದು ನನ್ನ ಹಿಡಿ ಸಾರ್. ಇವನ ಕೈ ನೋಡಿ, ಮೊರದಗಲ ಐತೆ. ಇವನಿಗೆ ಎರಡೇ ಸಾಕು."

ಎಲ್ಲರೂ ನಕ್ಕರು. ಹಾಳಾದ ಸುಳ್ಳು ಚನ್ನೇಶನ ಕೈಯಲ್ಲಿ ನಿಜವಾಗಿಬಿಟ್ಟಿತ್ತು. ಸಂಜೆಗೆ ಇನ್ನೂರು ಕೇಸೂ ಕಲೆಯಿಲ್ಲದೆ ಬಂದವು. "ಹಿಡಿ ಲೆಕ್ಕ ಬೇಡ, ತೂಕ ಬರೀರಿ," ಎಂದು ಆಫೀಸರ್ ಸಹಿ ಹಾಕಿ ಹೊರಟರು.

ಆಮೇಲೆ ನಂದಿತಾ ಒಂದು ತಕ್ಕಡಿ ತಂದಿಟ್ಟಳು. "ನಿಮ್ಮ ಒಂದು ಹಿಡಿ ಇದಕ್ಕೆ ಹಾಕಿ ವನಜಮ್ಮ. ಗ್ರಾಮಲ್ಲಿ ಬರ್ಕೊತೀನಿ."

"ಬರ್ಕೊಂಡ ಮೇಲೆ ನನ್ನ ಎಲ್ಲಿಗೆ ಕಳಿಸ್ತೀಯವ್ವ?"

ನಂದಿತಾ ಪುಸ್ತಕದ ಮೊದಲ ಪುಟ ತೆಗೆದು ತೋರಿಸಿದಳು. ಉಳಿಯಬೇಕಾದ ನಾಲ್ವರ ಪಟ್ಟಿ. ಮೊದಲ ಹೆಸರು ವನಜಮ್ಮ. ಪಕ್ಕದಲ್ಲಿ: ಇವರಿಲ್ಲದೆ ಲೈನು ಓಡದು.

ವನಜಮ್ಮನ ಕಣ್ಣು ತುಂಬಿತು. "ತೂಕ ಬರೆದ್ರೆ?"

ಹುಡುಗಿ ತಲೆ ತಗ್ಗಿಸಿದಳು. "ನಿಮ್ಮ ಹೆಸರಿನ ಪಕ್ಕದ ಈ ಸಾಲು ಹೊಡೆದುಹಾಕಬೇಕಾಗುತ್ತೆ. ಆಮೇಲೆ ಹೆಸರು ಉಳಿಯುತ್ತೆ ಅಂತ ಹೇಳಕ್ಕಾಗಲ್ಲ."

ಮುಚ್ಚಿಡದೆ ನಿಜ ಹೇಳಿದಳಲ್ಲ ಎಂದು ಇಷ್ಟು ದಿನದಲ್ಲಿ ಮೊದಲ ಸಲ ವನಜಮ್ಮನಿಗೆ ಅವಳ ಮೇಲೆ ನಂಬಿಕೆ ಬಂತು. ಚೀಲಕ್ಕೆ ಕೈ ಹಾಕಿದಳು. ಬೆರಳು ಒಂದಿಷ್ಟು ಸಡಿಲ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಗಿಯಾಗಿಯೇ ಹಿಡಿದು ತಂದು ತಟ್ಟೆಗೆ ಸುರಿದಳು.

"ಸರಿಯಾಗಿ ನೋಡ್ಕೊಳವ್ವ," ಎಂದಳು. "ಇನ್ನೊಂದು ಸಲ ಹೇಳಕ್ಕೆ ನಾನು ಇರ್ತೀನೋ ಇಲ್ವೋ."