ಅಣ್ಣನ ಕಿವಿಗೆ ಬಿದ್ದ ಉತ್ತರ

ಹವಾಮಾನ ಸಭೆ ನಡೆಯುತ್ತಿದ್ದ ಆ ದೊಡ್ಡ ಸಭಾಂಗಣದ ಹಿಂಗೋಡೆಗೆ ಅಂಟಿಕೊಂಡಂತೆ ಗಾಜಿನ ಗೂಡುಗಳಿದ್ದವು. ಭಾಷೆಗೊಂದು ಗೂಡು. ಕೊನೆಯ ಗೂಡಿನಲ್ಲಿ ಕೂತಿದ್ದ ದುಭಾಷಿಗೆ ಆ ಕೆಲಸ ಹೊಸದೇನಲ್ಲ. ಯಾರು ಮಾತಾಡಿದರೂ ಅವರ ಬಾಯಿ ತಾನಾಗಬೇಕು. ಅವರು 'ನಾನು' ಅಂದರೆ ಇವಳೂ 'ನಾನು' ಅನ್ನಬೇಕು. ಹೀಗೆ ಮಂತ್ರಿಯಾಗಿ, ವಿಜ್ಞಾನಿಯಾಗಿ, ಕಲ್ಲಿದ್ದಲು ಗಣಿಯ ಯಜಮಾನನಾಗಿ ವರ್ಷಗಟ್ಟಲೆ ಮಾತಾಡಿ, ಮಾತು ಕಿವಿಯಲ್ಲಿ ಬಂದು ಬಾಯಲ್ಲಿ ಹೋಗುತ್ತಿತ್ತೇ ಹೊರತು ನಡುವೆ ಎಲ್ಲೂ ತಂಗುತ್ತಿರಲಿಲ್ಲ.

ಆ ಬೆಳಿಗ್ಗೆ ಮಾತಾಡಬೇಕಿದ್ದವರಲ್ಲಿ ಅವಳ ಅಣ್ಣನೂ ಇದ್ದ.

ಅಣ್ಣ ದೋಣಿ ಮಾಡುವ ಬಡಗಿ. ಅವರ ಬೀದಿಯನ್ನು ಸಮುದ್ರ ಮನೆ ಮನೆಯಾಗಿ ನುಂಗುತ್ತ ಬಂದು, ಕೊನೆಗೆ ಇವರ ಹೊಸ್ತಿಲನ್ನೂ ದಾಟಿತ್ತು. ಸರ್ಕಾರ ಎಲ್ಲರನ್ನೂ ಒಳನಾಡಿನ ತಗಡಿನ ಶೆಡ್ಡುಗಳಿಗೆ ಸಾಗಿಸಿತು. ಅಲ್ಲಿನ ಮೊದಲ ಬೇಸಿಗೆಯ ಕಾವಿಗೇ ಅಮ್ಮ ತೀರಿಕೊಂಡಳು. ಸುದ್ದಿ ಬಂದ ದಿನ ತಾನು ಅತ್ತಳೋ ಇಲ್ಲವೋ, ತಂಗಿಗೆ ನೆನಪಿಲ್ಲ. ನೆನಪಿಲ್ಲವೆಂಬುದೂ ಅವಳನ್ನು ಕಾಡುತ್ತಿರಲಿಲ್ಲ.

ಹೊಗೆ ಉಗುಳಿ ಸಿರಿವಂತವಾದ ದೇಶಗಳು ಮುಳುಗುವ ದೇಶಗಳಿಗೆ ಹೊಣೆಯೋ ಅಲ್ಲವೋ ಎಂಬುದೇ ಆ ಸಲದ ಜಗಳ. ನೊಂದವರ ಬಾಯಿಂದಲೇ ಕೇಳಲಿ ಎಂದು ಅವರ ದೇಶದ ನಿಯೋಗ ಅಣ್ಣನನ್ನು ಕರೆತಂದಿತ್ತು.

"ಇವತ್ತು ನಾನು ಮಾಡ್ತೀನಿ ಬಿಡಿ. ನೀವು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ," ಎಂದ ಪಕ್ಕದಲ್ಲಿದ್ದ ಜೊತೆಗಾರ. ಗೂಡಿನಲ್ಲಿ ಸರದಿಯ ಮೇಲೆ ದುಡಿಯುವವರು ಇವರಿಬ್ಬರೇ.

"ಪರವಾಗಿಲ್ಲ. ಸರದಿ ನಂದೇ ಅಲ್ವಾ," ಎಂದು ಅವಳು ಮೈಕಿನ ಗುಂಡಿ ಒತ್ತಿದಳು.

ಅಣ್ಣ ಎದ್ದು ನಿಂತ. ಯಾರದೋ ಕೋಟು, ಭುಜದಲ್ಲಿ ಬಿಗಿ. ಅವನು ಮನೆಮಾತಿನಲ್ಲೇ ಶುರುಮಾಡಿದ. "ನಮ್ಮಮ್ಮ ಸೆಕೆಗೆ ಸತ್ತಳು. ಜೀವಮಾನದಲ್ಲಿ ಕಾರು ಹತ್ತಿದವಳಲ್ಲ. ಹತ್ತಿದ್ದು ಒಂದೇ ಸಲ, ಆಸ್ಪತ್ರೆಗೆ ಹೋಗುವಾಗ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ನಮ್ಮ ಕಥೆ."

ಅವಳು ಅವನ ಹಿಂದೆಯೇ ಸಭೆಯ ಭಾಷೆಯಲ್ಲಿ ಹೇಳುತ್ತ ಹೋದಳು. 'ನಮ್ಮಮ್ಮ' ಅಂದಳು. ಇಷ್ಟು ವರ್ಷದಲ್ಲಿ ಬೇರೆಯವರ ಮಾತು ತನ್ನದೂ ಆಗಿದ್ದು ಅದೇ ಮೊದಲು. ಆದರೂ ದನಿ ಅಲುಗಲಿಲ್ಲ. ಎತ್ತು ಎಮ್ಮೆಯ ಗಾದೆಗೆ ಆ ಭಾಷೆಯಲ್ಲಿ ಜೋಡಿ ಸಿಗದೆ, 'ಒಬ್ಬರ ತಪ್ಪಿಗೆ ಇನ್ನೊಬ್ಬರಿಗೆ ಶಿಕ್ಷೆ' ಎಂದು ಸಪ್ಪೆಯಾಗಿ ಮುಗಿಸಿದಳು. ಸಭೆ ಚಪ್ಪಾಳೆ ತಟ್ಟಿತು.

ಉತ್ತರ ಕೊಡಲು ದೊಡ್ಡ ದೇಶದ ಪ್ರತಿನಿಧಿ ಎದ್ದ. ನೆಗಡಿಯಾಗಿದ್ದ ಮನುಷ್ಯ; ಮೂಗು ಒರೆಸಿಕೊಂಡು, ಮೆತ್ತಗೆ, ಮರ್ಯಾದೆಯಿಂದಲೇ ಮಾತಾಡಿದ. ಈಗ ಅವಳು ಅದನ್ನು ಮನೆಮಾತಿಗೆ ತರಬೇಕಿತ್ತು. ತಂದಳು.

"ನಿಮ್ಮ ತಾಯಿಯ ಸಾವಿಗೆ ನಮಗೆ ದುಃಖವಿದೆ. ಆದರೆ ನಮ್ಮ ಅಜ್ಜಂದಿರು ಒಲೆ ಹೊತ್ತಿಸಿದಾಗ ಹೊಗೆ ಎಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದೆ ಆದದ್ದಕ್ಕೆ ನಾವು ಹೊಣೆಯಲ್ಲ. ಸಹಾಯ ಮಾಡುತ್ತೇವೆ, ಹೊಣೆ ಹೊರುವುದಿಲ್ಲ."

ಅಣ್ಣ ಅನುವಾದ ಕೇಳಿಸುವ ಕಿವಿಯಂತ್ರದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದವನು ತಟ್ಟನೆ ಹಿಂತಿರುಗಿ ಗಾಜಿನತ್ತ ನೋಡಿದ. ತಂಗಿಯ ದನಿ, ಚಿಕ್ಕಂದಿನಲ್ಲಿ ಊಟಕ್ಕೆ ಬಾರೋ ಎಂದು ಕೂಗುತ್ತಿದ್ದ ದನಿ. ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟ. ಮನೆಮಾತಿನ ಅನುವಾದ ಬೇಕಿದ್ದವನು ಸಭೆಯಲ್ಲಿ ಅವನೊಬ್ಬನೇ. ನಿಯೋಗದ ಮಿಕ್ಕವರಿಗೆಲ್ಲ ಸಭೆಯ ಭಾಷೆ ಬರುತ್ತಿತ್ತು. ಕೇಳುವವರಿಲ್ಲವೆಂದು ನಿಲ್ಲಿಸುವಂತಿಲ್ಲ. ಪ್ರತಿನಿಧಿ ಕೂರುವವರೆಗೂ ಅವಳು ಮೇಜಿನ ಮೇಲೆ ಬಿದ್ದಿದ್ದ ಆ ಯಂತ್ರಕ್ಕೆ ಹೇಳುತ್ತಲೇ ಇದ್ದಳು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅಣ್ಣ ಸಿಕ್ಕ. ತಟ್ಟೆಯ ಬ್ರೆಡ್ಡು ಹಾಗೇ ಇತ್ತು.

"ಅವನು ನಿಜವಾಗ್ಲೂ ಹಾಗೇ ಅಂದ್ನೇನೆ? ಇಲ್ಲ, ನೀನೇ ಒಂಚೂರು ನಯ ಮಾಡಿ ಹೇಳಿದ್ಯಾ?"

"ಅವನಂದಿದ್ದೇ ಹೇಳಿದ್ದು ಕಣೋ."

"ಹೂಂ." ಅಣ್ಣ ನಕ್ಕ. "ಬೇರೆ ಯಾರಾದ್ರೂ ಹೇಳಿದ್ರೆ ಎದ್ದು ಕೂಗಾಡ್ತಿದ್ದೆ. ನಿನ್ನ ಬಾಯಲ್ಲಿ ಕೇಳಿ, ಅದೂ ಸರಿ ಇದ್ರೂ ಇರಬಹುದಪ್ಪ ಅನ್ನಿಸಿಬಿಡ್ತು. ಅದಕ್ಕೇ ತೆಗೆದಿಟ್ಟೆ."

ಅವಳು ತನ್ನ ತಟ್ಟೆಯನ್ನಿಟ್ಟು ಅವನೆದುರು ಕೂತಳು.

"ನಿನ್ನ ಮೇಲೆ ಕೋಪ ಏನಿಲ್ಲ," ಎಂದ ಅಣ್ಣ. "ನಿಂಗೆ ಏನೂ ಅನ್ನಿಸ್ಲಿಲ್ವಾ?"

"ಇಲ್ಲ," ಎಂದಳು. ಅದು ನಿಜವಾಗಿತ್ತು.

ಅವನು ತನ್ನ ಬ್ರೆಡ್ಡನ್ನು ಮುರಿದು ಅರ್ಧ ಅವಳ ತಟ್ಟೆಗೆ ಹಾಕಿದ. ಇಬ್ಬರೂ ತಿಂದರು.

ಕೊನೆಯ ದಿನ ಒಪ್ಪಂದದಲ್ಲಿ 'ಹೊಣೆ' ಇದ್ದ ಜಾಗಕ್ಕೆಲ್ಲ 'ಕಾಳಜಿ' ಬಂತು. ಅದನ್ನೂ ಅವಳೇ ಓದಿ ಹೇಳಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣ ಆಗಲೇ ಊರಿಗೆ ಹೊರಟುಹೋಗಿದ್ದ. ಜೊತೆಗಾರ ಅವಳ ಮುಂದೆ ನೀರಿನ ಲೋಟ ಇಟ್ಟು, "ಎಷ್ಟು ಚೆನ್ನಾಗಿ ನಿಭಾಯಿಸಿದ್ರಿ!" ಎಂದ.

ಮಳೆಗಾಲದ ಕೊನೆಗೆ ಅಣ್ಣನ ಫೋನು ಬಂತು. ಶೆಡ್ಡುಗಳಿಗೆ ಬಾಗಿಲು ಕೂರಿಸುವ ಕೆಲಸ ಸಿಕ್ಕಿದೆಯಂತೆ. ಶೆಡ್ಡಿನಿಂದ ಹಳೇ ಊರಿಗೇ ಒಯ್ದು ಅಮ್ಮನನ್ನು ಮಣ್ಣು ಮಾಡಿದ್ದ ದಿಬ್ಬದ ಹತ್ತಿರಕ್ಕೂ ನೀರು ಬಂದಿದೆಯಂತೆ.

"ನಿಂಗೆ ಹೇಳ್ಬೇಕು ಅನ್ನಿಸ್ತು. ಅಷ್ಟೇ," ಎಂದ.

"ಹೌದಾ," ಎಂದಳು ಅವಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಆಲೂಗಡ್ಡೆ ಹೆರೆಯುತ್ತಿದ್ದಳು. ಹೆರೆದು ಮುಗಿದ ಮೇಲೂ ಇಬ್ಬರೂ ಫೋನು ಇಡಲಿಲ್ಲ.